ಮೊದಲು ವಾಪಸು ದೋಣಿ ಕೇಳಿ



ಹಲಸಿನ ಹಪ್ಪಳದ ಬಗ್ಗೆ ಬರೆದಿದ್ದಕ್ಕೆ ಬಂದ ಕಾಗದಗಳಲ್ಲಿ ಅರ್ಧದಷ್ಟು ಹಪ್ಪಳವನ್ನು ಬಿಟ್ಟು ಬೇರೆಯದನ್ನೇ ಕೇಳಿವೆ. “ಗ್ರೀಸ್ ದೇಶಕ್ಕೆ ಹೋಗಿ ಬಂದಿರಂತೆ, ನಮಗೆ ಒಂದು ಸಾಲೂ ಬರೆಯಲಿಲ್ಲವಲ್ಲ?” ಅಂತ. ಬರೆಯಬಾರದು ಅಂತೇನಿಲ್ಲ. ಎಲ್ಲಿಂದ ಶುರು ಮಾಡುವುದು ಅಂತ ತಿಳಿಯದೆ ಸುಮ್ಮನಿದ್ದೆ. ಈಗ ದ್ವೀಪಗಳಿಂದಲೇ ಶುರು ಮಾಡುತ್ತೇನೆ. ನಿಮ್ಮಲ್ಲಿ ಯಾರ ಮಗನೋ ಮಗಳೋ ಅಳಿಯನೋ ಆ ಕಡೆ ಇದ್ದರೆ, ನಾಳೆ ನೀವೂ ಹೋಗುವವರೇ ಅಲ್ಲವೇ?

ನನ್ನ ತಮ್ಮ ಹಡಗಿನ ಇಂಜಿನಿಯರು. ಹನ್ನೆರಡು ವರ್ಷ ಸಮುದ್ರದ ಮೇಲಿದ್ದವನು ಈಗ ಅಥೆನ್ಸ್ ಪಕ್ಕದ ಪಿರೇಯಸ್ ಬಂದರಿನಲ್ಲಿ, ಹಡಗು ಕಂಪನಿಯೊಂದರ ಆಫೀಸಿನಲ್ಲಿ ಕೂತಿದ್ದಾನೆ. 2025ರ ಸೆಪ್ಟೆಂಬರ್‌ನಲ್ಲಿ ನನ್ನನ್ನೂ ಅಮ್ಮನನ್ನೂ ಮೂರು ವಾರಕ್ಕೆ ಕರೆಸಿಕೊಂಡ. ಅಮ್ಮನಿಗೆ ಎಪ್ಪತ್ತೊಂದು. ವಿಮಾನಕ್ಕೆ ಅವಳು ಹೆದರಲಿಲ್ಲ. ಹೆದರಿದ್ದು ದೋಣಿಗೆ.

ಅದಕ್ಕೊಂದು ಹಿನ್ನೆಲೆ ಉಂಟು. ನನ್ನ ತವರು ಶರಾವತಿ ಹಿನ್ನೀರಿನ ಆಚೆ ದಡ. ಲಿಂಗನಮಕ್ಕಿ ಅಣೆಕಟ್ಟು ಆದ ಮೇಲೆ ನಮ್ಮ ಕಡೆಯ ಹಳ್ಳಿಗಳೆಲ್ಲ ದ್ವೀಪದ ಹಾಗಾಗಿ, ಸಾಗರ ಪೇಟೆಗೆ ಬರಬೇಕೆಂದರೆ ಲಾಂಚೇ ಗತಿ. ಬಸ್ಸು, ಲಾರಿ, ಅಡಿಕೆ ಮೂಟೆ, ಮದುವೆ ದಿಬ್ಬಣ ಎಲ್ಲವೂ ಅದರ ಮೇಲೇ. ಅಮ್ಮ ಮದುವೆಯಾಗಿ ಬಂದಾಗಿನಿಂದ ಅದೇ ಲಾಂಚಿನಲ್ಲಿ ಓಡಾಡಿದವಳು. 2025ರ ಜುಲೈಯಲ್ಲಿ ಸಿಗಂದೂರು ಸೇತುವೆ ತೆರೆಯಿತು ನೋಡಿ, ಆವತ್ತೇ ಅವಳು ಶಪಥ ಮಾಡಿಬಿಟ್ಟಳು. “ಇನ್ನು ನನ್ನ ಜೀವಮಾನದಲ್ಲಿ ನೀರಿನ ಮೇಲೆ ಹೋಗೋದಿಲ್ಲ.” ಎರಡೇ ತಿಂಗಳಿಗೆ ಮಗ ಅವಳನ್ನು ಸುತ್ತಲೂ ಸಮುದ್ರ ಇರುವ ಊರಿಗೆ ಕರೆಸಿದ!

ಪಿರೇಯಸ್ ಎದುರಿಗೇ ಸರೋನಿಕ್ ಕೊಲ್ಲಿ. ಅದರಲ್ಲಿ ಏಜಿನಾ, ಪೋರೊಸ್, ಹೈಡ್ರಾ ಅಂತ ಸಣ್ಣ ಸಣ್ಣ ದ್ವೀಪಗಳು. ಬೆಳಿಗ್ಗೆ ಹೋಗಿ ರಾತ್ರಿ ಊಟಕ್ಕೆ ಮನೆಗೆ ಬರಬಹುದು. ಒಂದೇ ದಿನದಲ್ಲಿ ಮೂರೂ ದ್ವೀಪ ತೋರಿಸುವ ಪ್ರವಾಸದ ಹಡಗುಗಳಿವೆ. ಮಧ್ಯಾಹ್ನದ ಊಟ ಅದರಲ್ಲೇ, ಹಾಡು ಕುಣಿತವೂ ಉಂಟಂತೆ. ತಮ್ಮನ ಹೆಂಡತಿ ಒಮ್ಮೆ ಅದರಲ್ಲಿ ಹೋಗಿದ್ದಳು. “ಬೇಡ ಅತ್ತಿಗೆ, ದಿನದ ಬಹುಪಾಲು ಹಡಗಿನಲ್ಲೇ ಕಳೆಯುತ್ತೆ. ಇಳಿದು ಚಪ್ಪಲಿ ಸರಿಮಾಡಿಕೊಳ್ಳೋದರೊಳಗೆ ಹತ್ತಿ ಅಂತ ಸೀಟಿ ಊದ್ತಾರೆ” ಅಂದಳು. ಊರಿನವರು ಹೋಗುವ ಮಾಮೂಲಿ ಹಡಗಿಗೆ ಟಿಕೆಟ್ ತೆಗೆಸಿ, ಒಂದು ದಿನಕ್ಕೆ ಒಂದೇ ದ್ವೀಪ ನೋಡುವುದು ಅಂತ ತೀರ್ಮಾನ ಮಾಡಿದೆವು. ಕಾಲುನೋವಿನವರು, ಮಕ್ಕಳು ಜೊತೆಗಿದ್ದರೆ ನೀವೂ ಹಾಗೇ ಮಾಡಿ. ಟಿಕೆಟ್‌ಗೆ ಹೆಸರು ಕೊಡಬೇಕು, ಪಾಸ್‌ಪೋರ್ಟ್ ಕೈಚೀಲದಲ್ಲಿರಲಿ. ಬಂದರು ಬಹಳ ದೊಡ್ಡದು, ಗೇಟುಗಳಿಗೆ ನಂಬರು ಹಾಕಿದ್ದಾರೆ. ಗೇಟು ತಪ್ಪಿದರೆ ಬಿಸಿಲಲ್ಲಿ ಮೈಲಿಗಟ್ಟಲೆ ನಡೆಯಬೇಕಾದೀತು.

ಮೊದಲ ದಿನ ಏಜಿನಾ. ಅಮ್ಮ ಬಂದರಿನ ತನಕ “ನೀವು ಹೋಗಿ ಬನ್ನಿ, ನಾ ಇಲ್ಲೇ ಕೂತಿರ್ತೇನೆ” ಅಂತಲೇ ಬಂದಳು. ಹಡಗಿನ ಹಿಂಬದಿಯ ಬಾಗಿಲು ಹಲಗೆಯ ಹಾಗೆ ದಡಕ್ಕೆ ಬಾಗಿತ್ತು. ಒಂದು ತರಕಾರಿ ಲಾರಿ, ಎರಡು ಬೈಕು, ಸಾಲಾಗಿ ಕಾರುಗಳು ಒಳಗೆ ಹೋಗುತ್ತಿದ್ದವು. ಒಬ್ಬ ಕೈ ಬೀಸಿ “ಬಾ, ಬಾ, ಇನ್ನೂ ಬಾ” ಅನ್ನುವ ಹಾಗೆ ಕೂಗುತ್ತಿದ್ದ. ಅಮ್ಮ ನಿಂತು ನೋಡಿದಳು. “ಅಯ್ಯೋ, ಇದು ನಮ್ಮ ಲಾಂಚೇ ಮಾರಾಯ್ತಿ” ಅಂದವಳೇ ಸೀರೆ ನೆರಿಗೆ ಎತ್ತಿ ಹತ್ತಿಯೇಬಿಟ್ಟಳು. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು.

ಏಜಿನಾಕ್ಕೆ ಒಂದೂಕಾಲು ಗಂಟೆ. ಹೊರಗೆ ಮೇಲಟ್ಟದಲ್ಲಿ ಕೂತರೆ ಗಾಳಿ ಹಿತವಾಗಿರುತ್ತದೆ. ವಾಂತಿಯ ಭಯವಿರುವವರು ಕೆಳಗೆ, ನಡುಭಾಗದಲ್ಲಿ ಕೂತು ದೂರದ ದಡ ನೋಡುತ್ತಿರಬೇಕು. ಹೊಟ್ಟೆ ಪೂರ್ತಿ ಖಾಲಿ ಇರಬಾರದು, ಬಿರಿಯಲೂಬಾರದು. ನಾನು ಒಣಶುಂಠಿ ಬೆಲ್ಲದ ಉಂಡೆ ಮಾಡಿಕೊಂಡು ಹೋಗಿದ್ದೆ. ಪಕ್ಕದಲ್ಲಿ ಕೂತಿದ್ದ ಅಲ್ಲಿಯ ಅಜ್ಜಿಯೊಬ್ಬಳಿಗೂ ಒಂದು ಕೊಟ್ಟೆ. ಕಣ್ಣು ಕೆಂಪಗೆ ಮಾಡಿಕೊಂಡು ನುಂಗಿ, ಇನ್ನೊಂದು ಕೇಳಿದಳು!

ಆ ದ್ವೀಪದ ಹೆಸರುವಾಸಿ ಎಂದರೆ ಪಿಸ್ತಾ. ದಡದಲ್ಲಿ ಇಳಿದ ಕೂಡಲೇ ಸಾಲು ಸಾಲು ಪಿಸ್ತಾ ಅಂಗಡಿ. ನಾವು ಹೋದದ್ದು ಕೊಯ್ಲಿನ ಕಾಲ. ಮರದ ಕೆಳಗೆ ಬಟ್ಟೆ ಹಾಸಿ ಕೋಲಿನಿಂದ ಬಡಿದು ಉದುರಿಸುತ್ತಾರೆ. ಮೇಲಿನ ತೆಳು ಗುಲಾಬಿ ಸಿಪ್ಪೆಯನ್ನು ಬೇಗ ಸುಲಿದು, ಬಿಸಿಲಿಗೆ ಒಣಹಾಕುತ್ತಾರೆ. ತಡಮಾಡಿದರೆ ಒಳಗಿನ ಚಿಪ್ಪು ಕಲೆಯಾಗುತ್ತದೆ. ಉಪ್ಪು ನೀರು, ನಿಂಬೆರಸ ಹಾಕಿ ಹುರಿದದ್ದು ಬಾಯಿಗೆ ಹಾಕಿಕೊಳ್ಳಲು. ಸಿಹಿತಿಂಡಿಗೆ ಬೇಕೆಂದರೆ ಉಪ್ಪಿಲ್ಲದ್ದನ್ನೇ ಕೇಳಿ ತೆಗೆದುಕೊಳ್ಳಿ. ಗಂಡು ಮರ ಬೇರೆ, ಹೆಣ್ಣು ಮರ ಬೇರೆ ಅಂತ ತಮ್ಮನ ಹೆಂಡತಿ ಹೇಳಿದಾಗ ಅಮ್ಮ, “ಅದರಲ್ಲೇನು ವಿಶೇಷ, ನಮ್ಮ ಜಾಯಿಕಾಯಿ ಮರವೂ ಹಾಗೇ ಅಲ್ಲವಾ” ಅಂದಳು. ಕಾಯಿ ಬಿಡುವುದು ಹೆಣ್ಣು ಮರವೇ, ಗಂಡು ಮರ ಗಾಳಿಗೆ ಪರಾಗ ಬಿಟ್ಟುಕೊಂಡು ನಿಂತಿರುತ್ತದೆ. ಇದನ್ನು ಓದಿ ಯಾರ ಮನೆಯಲ್ಲಾದರೂ ನಗು ಬಂದರೆ ನನ್ನ ತಪ್ಪಲ್ಲ.

ಊರಿನಿಂದ ಬಸ್ಸಿನಲ್ಲಿ ಹೋದರೆ ಪೈನ್ ಮರಗಳ ಗುಡ್ಡದ ಮೇಲೆ ಅಫೈಯಾ ಎಂಬ ದೇವತೆಯ ಗುಡಿ. ಕ್ರಿಸ್ತ ಹುಟ್ಟುವುದಕ್ಕೆ ಸುಮಾರು 500 ವರ್ಷ ಮೊದಲು ಕಟ್ಟಿದ್ದು. ಚಾವಣಿ ಇಲ್ಲ, ಕಂಬಗಳು ಮಾತ್ರ ನಿಂತಿವೆ. ಅದರ ಶಿಲ್ಪಗಳನ್ನು 1811ರಲ್ಲಿ ಅಗೆದು ತೆಗೆದರು. ಈಗ ಅವು ಜರ್ಮನಿಯ ಮ್ಯೂನಿಕ್‌ನಲ್ಲಿವೆ. ಕ್ರೀಟ್ ದ್ವೀಪದ ಹುಡುಗಿಯೊಬ್ಬಳನ್ನು ರಾಜನೊಬ್ಬ ಬೆನ್ನಟ್ಟಿದನಂತೆ. ಅವಳು ಸಮುದ್ರಕ್ಕೆ ಹಾರಿದಳಂತೆ. ಮೀನಿನ ಬಲೆಗೆ ಸಿಕ್ಕಿ ಉಳಿದವಳು ಕೊನೆಗೆ ಈ ಏಜಿನಾಕ್ಕೆ ಬಂದು ಕಣ್ಮರೆಯಾಗಿ ದೇವತೆಯಾದಳು ಅಂತ ಕಥೆ. ಅಮ್ಮ ಕಂಬಕ್ಕೆ ದೂರದಿಂದಲೇ ಕೈಮುಗಿದಳು. “ಪಾಪ, ನೀರು ದಾಟಿ ಬಂದವಳು” ಅಂದಳು ಅಷ್ಟೆ.

ಎರಡನೆಯದು ಹೈಡ್ರಾ. ಅಲ್ಲಿಯವರ ಬಾಯಲ್ಲಿ ಅದು ‘ಈದ್ರಾ’. ಇದಕ್ಕೆ ಕಾರು ಹತ್ತುವ ಹಡಗಿಲ್ಲ, ಏಕೆಂದರೆ ಆ ದ್ವೀಪದಲ್ಲಿ ಕಾರೇ ಇಲ್ಲ! ಕಸದ ಗಾಡಿಯಂಥ ಒಂದೆರಡು ಬಿಟ್ಟರೆ ಬೈಕು ಕೂಡ ಇಲ್ಲ. ಹೋಗುವುದು ವೇಗದ ದೋಣಿಯಲ್ಲಿ. ವಿಮಾನದ ಹಾಗೆ ಒಳಗೆ ಸೀಟು, ಕಿಟಕಿ ತೆರೆಯುವ ಹಾಗಿಲ್ಲ. ಸುಮಾರು ಎರಡು ಗಂಟೆ. ದಾರಿಯಲ್ಲಿ ಪೋರೊಸ್‌ನಲ್ಲಿ ನಿಲ್ಲುತ್ತದೆ. ಬಿಳಿ ಮನೆಗಳು, ಮೇಲೊಂದು ಗಡಿಯಾರದ ಗೋಪುರ. ಎದುರಿನ ದಡ ಎಷ್ಟು ಹತ್ತಿರವೆಂದರೆ ಈ ಕಡೆಯಿಂದ ಕೂಗಿದರೆ ಆ ಕಡೆಯವರು ಓಗೊಟ್ಟಾರು. ಸಣ್ಣ ದೋಣಿಗಳು ಅತ್ತಿಂದಿತ್ತ ಓಡಾಡುತ್ತಲೇ ಇದ್ದವು. “ಇಷ್ಟಕ್ಕೊಂದು ಸೇತುವೆ ಕಟ್ಟಬಾರದಾ ಇವರಿಗೆ?” ಅಂತ ಅಮ್ಮ. ನನಗೆ ಉತ್ತರ ಹೊಳೆಯಲಿಲ್ಲ.

ಹೈಡ್ರಾದ ದಡದಲ್ಲಿ ಹೇಸರಗತ್ತೆಗಳು ಸಾಲಾಗಿ ನಿಂತಿರುತ್ತವೆ. ಸಿಮೆಂಟು ಮೂಟೆ, ಗ್ಯಾಸ್ ಸಿಲಿಂಡರು, ಫ್ರಿಜ್ಜು, ಪ್ರವಾಸಿಗಳ ಪೆಟ್ಟಿಗೆ ಎಲ್ಲವೂ ಅವುಗಳ ಬೆನ್ನ ಮೇಲೇ ಮೆಟ್ಟಿಲು ಹತ್ತಬೇಕು. ನುಣುಪು ಕಲ್ಲಿನ ದಾರಿ, ಜಾರುತ್ತದೆ. ಹಿಡಿತವಿರುವ ಚಪ್ಪಲಿ ಇಲ್ಲದಿದ್ದರೆ ಹೋಗಲೇಬೇಡಿ. ಕಲ್ಲಿನ ದೊಡ್ಡ ದೊಡ್ಡ ಮನೆಗಳು, ಹಿಂದಿನ ಕಾಲದ ಹಡಗಿನ ಸಾಹುಕಾರರದು. ನೋಡಲು ಚಂದವೇ. ನನಗೆ ಅದಕ್ಕಿಂತ ಹೆಚ್ಚು ಹಿಡಿಸಿದ್ದು ಅಂಗಳದಡಿಯ ನೀರಿನ ತೊಟ್ಟಿ. ಹೈಡ್ರಾ ಎಂಬ ಹೆಸರು ನೀರಿಗೆ ಸಂಬಂಧಿಸಿದ್ದು. ಒಂದು ಕಾಲಕ್ಕೆ ಬುಗ್ಗೆಗಳಿದ್ದವಂತೆ. ಆಮೇಲೆ ಒಣಗಿದವು. ಮಳೆಗಾಲದ ನೀರನ್ನು ಮಾಡಿನಿಂದ ತೊಟ್ಟಿಗೆ ಇಳಿಸಿ ವರ್ಷವಿಡೀ ಜೋಪಾನ ಮಾಡುವುದು ಅಲ್ಲಿಯ ಹಳೆಯ ಕ್ರಮ. ದಶಕಗಳ ಕಾಲ ಆಚೆ ದಡದಿಂದ ಹಡಗಿನಲ್ಲಿ ನೀರು ತಂದು ಹಂಚಿದರು. ಈಗ ಸಮುದ್ರದ ನೀರಿನ ಉಪ್ಪು ತೆಗೆದು ಕೊಡುತ್ತಾರೆ. ಸುತ್ತಲೂ ನೀರು, ಕೊಡಪಾನಕ್ಕೆ ಮಾತ್ರ ಇಲ್ಲ. ನಲ್ಲಿಗೆ ಕಾದು ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಊಟದ ಮಾತು. ನಾವು ಚಪಾತಿ, ಚಟ್ನಿಪುಡಿ ಕಟ್ಟಿಕೊಂಡಿದ್ದೆವು. ಆದರೂ ಅಲ್ಲಿ ಸೊಪ್ಪು ತಿನ್ನುವವರಿಗೆ ತೊಂದರೆ ಇಲ್ಲ. ಬೇಯಿಸಿದ ಕಾಡುಸೊಪ್ಪಿಗೆ ನಿಂಬೆರಸ, ಆಲಿವ್ ಎಣ್ಣೆ ಹಾಕಿ ಕೊಡುತ್ತಾರೆ, ಹೆಸರು ‘ಹೋರ್ತಾ’. ದಪ್ಪ ಬಿಳಿ ಅವರೆಯಂಥ ಕಾಳಿನ ಸಾರು, ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದಂಥ ಗಟ್ಟಿ ಮೊಸರು. ‘ನಿಸ್ತೀಸಿಮೊ’ ಎಂಬ ಮಾತು ನೆನಪಿಡಿ, ಅವರ ಉಪವಾಸದ ಅಡುಗೆ. ಮಾಂಸ, ಮೊಟ್ಟೆ, ಹಾಲು ಇರುವುದಿಲ್ಲ. ಆದರೆ ಸಿಗಡಿ, ಚಿಪ್ಪುಮೀನು ಅವರಿಗೆ ಉಪವಾಸಕ್ಕೆ ನಡೆಯುತ್ತದೆ! ಹಾಗಾಗಿ ಬಿಡಿಸಿ ಕೇಳಲೇಬೇಕು. ಹೈಡ್ರಾದ ಬಾದಾಮಿ ಸಿಹಿ ಬಹಳ ಚೆನ್ನ, ಹೂವಿನ ನೀರಿನ ಪರಿಮಳ. ಕೆಲವರು ಮೊಟ್ಟೆಯ ಬಿಳಿ ಹಾಕುತ್ತಾರೆ, ಅದನ್ನೂ ಕೇಳಿ.

ಅಮ್ಮ ಕೇಳಿದ್ದು ಬೇರೆ. “ಇಲ್ಲಿಯವರಿಗೆ ರಾತ್ರಿ ಹುಷಾರು ತಪ್ಪಿದರೆ ಎಂಥ ಮಾಡ್ತಾರೆ?” ತಮ್ಮನ ಹೆಂಡತಿ ಅಂಗಡಿಯವಳ ಹತ್ತಿರ ಗ್ರೀಕಿನಲ್ಲಿ ವಿಚಾರಿಸಿದಳು. ಸಣ್ಣ ಆಸ್ಪತ್ರೆ ಇದೆಯಂತೆ. ದೊಡ್ಡದಾದರೆ ದೋಣಿಯಲ್ಲಿ ಆಚೆ ದಡಕ್ಕೆ, ತೀರಾ ಆದರೆ ಹೆಲಿಕಾಪ್ಟರು. “ಗಾಳಿ ಇದ್ದರೆ?” ಅಂದಳು ಅಮ್ಮ. ಅಂಗಡಿಯವಳು ಎದೆ ಮೇಲೆ ಶಿಲುಬೆ ಗೀಟಿದಳು.

ನಮಗೂ ಗಾಳಿ ಸಿಕ್ಕಿತು. ಬೇಸಿಗೆಯಲ್ಲಿ ಅಲ್ಲಿ ಬಡಗಣ ಗಾಳಿ ಏಳುತ್ತದೆ, ‘ಮೆಲ್ತೇಮಿ’ ಅನ್ನುತ್ತಾರೆ. ಆಕಾಶ ನೀಲಿಯಾಗೇ ಇರುತ್ತದೆ, ಮೋಡವಿಲ್ಲ, ಮಳೆಯಿಲ್ಲ, ಸಮುದ್ರ ಮಾತ್ರ ನೊರೆ ಕಾರುತ್ತದೆ. ಗಾಳಿಯನ್ನು ಬೊಫೋರ್ ಎಂಬ ಅಂಕಿಯಲ್ಲಿ ಅಳೆಯುತ್ತಾರೆ. ಎಂಟಕ್ಕೆ ಬಂದರೆ ದೊಡ್ಡ ಹಡಗುಗಳನ್ನೂ ನಿಲ್ಲಿಸುತ್ತಾರೆ, ವೇಗದ ದೋಣಿಗಳನ್ನು ಅದಕ್ಕೂ ಮೊದಲೇ. ಹೈಡ್ರಾಕ್ಕೆ ವೇಗದ್ದು ಮಾತ್ರ ಅಂತ ಹೇಳಿದೆನಲ್ಲ. ಅದಕ್ಕೇ ಹೇಳುವುದು, ಇಳಿದ ಕೂಡಲೇ ಮೊದಲು ವಾಪಸು ದೋಣಿ ಯಾವುದು, ಅದರ ಹಿಂದೆ ಇನ್ನೊಂದು ಇದೆಯೇ ಅಂತ ಕೇಳಿಕೊಳ್ಳಿ. ಕಡೆಯ ದೋಣಿಗೆ ಟಿಕೆಟ್ ತೆಗೆಸಬೇಡಿ, ಅದಕ್ಕೆ ಹಿಂದಿನದಕ್ಕೆ ತೆಗೆಸಿ. ಹವೆ ಕೆಟ್ಟು ರದ್ದಾದರೆ ಹಣ ವಾಪಸು ಬರುತ್ತದೆ. ರಾತ್ರಿ ಮಲಗಲು ಜಾಗ ಬರುವುದಿಲ್ಲ. ಗುಳಿಗೆ ತೆಗೆದುಕೊಳ್ಳುವವರು ಮರುದಿನದ್ದನ್ನೂ ಚೀಲದಲ್ಲಿಟ್ಟುಕೊಂಡಿರಬೇಕು. ನಾನು ಅಮ್ಮನ ಬಿ.ಪಿ. ಗುಳಿಗೆ ಮನೆಯಲ್ಲೇ ಬಿಟ್ಟು ಬಂದಿದ್ದೆ.

ಐದು ಗಂಟೆಯ ದೋಣಿ ಐದೂವರೆಗೂ ಇಲ್ಲ, ಆರಕ್ಕೂ ಇಲ್ಲ. ಬರುತ್ತದೆ ಅಂತ ಒಬ್ಬರು, ಬರಲಾರದು ಅಂತ ಇನ್ನೊಬ್ಬರು. ತಮ್ಮನ ಹೆಂಡತಿ ಕೋಣೆ ಸಿಕ್ಕೀತೇ ಅಂತ ನೋಡಲು ಹೋದಳು. ಅಮ್ಮ ದಡದ ಕಲ್ಲುಬೆಂಚಿನ ಮೇಲೆ ನೀರಿನ ಬಾಟಲಿ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಕುಡಿ ಅಂದರೆ ಕುಡಿಯಲಿಲ್ಲ.

“ನಿನ್ನಪ್ಪ ನೀರು ಕೇಳಿದರು” ಅಂದಳು.

ಸೋದರಿಯರೇ, ನಾನು ಹತ್ತನೇ ತರಗತಿ ಮುಗಿಸಿದ ವರ್ಷ ಅಪ್ಪ ತೀರಿಕೊಂಡದ್ದು. ನಾನು ಆಗ ಸಾಗರದಲ್ಲಿ ಸೋದರತ್ತೆಯ ಮನೆಯಲ್ಲಿದ್ದೆ. ರಾತ್ರಿ ಎದೆನೋವು ಬಂತು, ಲಾಂಚಿನ ಹೊತ್ತು ಮುಗಿದಿತ್ತು, ಬೆಳಗಿನ ಲಾಂಚಿನ ತನಕ ಜೀವ ಉಳಿಯಲಿಲ್ಲ. ನನಗೆ ಗೊತ್ತಿದ್ದದ್ದು ಇಷ್ಟೇ. ಅದರಾಚೆ ಅಮ್ಮ ಆಡಿದವಳಲ್ಲ, ನಾನೂ ಕೇಳಿದವಳಲ್ಲ. ಆವತ್ತು ಹೈಡ್ರಾದ ದಡದಲ್ಲಿ ಅವಳೇ ಹೇಳಿದಳು. ಯಾರದೋ ಜೀಪಿನಲ್ಲಿ ಅಪ್ಪನನ್ನು ದಡಕ್ಕೆ ತಂದು ಕಾದರಂತೆ. ಆಚೆ ದಡದ ದೀಪ ಕಾಣುತ್ತಿತ್ತಂತೆ. ಅಪ್ಪ ಎರಡು ಸಲ ನೀರು ಕೇಳಿದರಂತೆ. ಡಾಕ್ಟರು ಬೈದಾರು, ನೀರು ಕೊಡಬಾರದೋ ಏನೋ ಅಂತ ಅಮ್ಮ ಕೊಡಲಿಲ್ಲವಂತೆ. “ಅಷ್ಟು ನೀರಿನ ಎದುರು ಕೂತು ಒಂದು ಗುಟುಕು ಕೊಡಲಿಲ್ಲ ನೋಡು ನಾನು.”

ನಾನು ಏನು ಹೇಳಲಿ? ಬಾಟಲಿಯ ಮುಚ್ಚಳ ತೆಗೆದು ಕೊಟ್ಟೆ. ಈ ಸಲ ಕುಡಿದಳು. ಉಳಿದದ್ದನ್ನು ನನಗೆ ಕೊಟ್ಟು, “ನೀನೂ ಕುಡಿ, ಬೆಳಿಗ್ಗೆಯಿಂದ ಬಿಸಿಲಲ್ಲಿದ್ದಿ” ಅಂದಳು.

ದೋಣಿ ಏಳೂಕಾಲಕ್ಕೆ ಬಂತು. ಒಳಗೆ ಬಹಳ ಕುಲುಕಾಟ, ಮೂರು ನಾಲ್ಕು ಜನ ವಾಂತಿ ಮಾಡಿಕೊಂಡರು, ತಮ್ಮನ ಹೆಂಡತಿಯೂ ಒಬ್ಬಳು. ಅಮ್ಮ ಅವಳ ಬೆನ್ನು ನೀವುತ್ತಾ, ಉಳಿದಿದ್ದ ಒಂದೇ ಒಂದು ಶುಂಠಿ ಉಂಡೆ ಅವಳ ಬಾಯಿಗಿಟ್ಟಳು. ಪಿರೇಯಸ್ ಮುಟ್ಟಿದಾಗ ತಮ್ಮ ದಡದಲ್ಲಿ ಗುಳಿಗೆಯ ಡಬ್ಬಿ ಹಿಡಿದುಕೊಂಡೇ ನಿಂತಿದ್ದ.

ಪೋರೊಸ್‌ನಲ್ಲಿ ಇಳಿದು ನೋಡುವುದು ಬಾಕಿ ಇತ್ತು. ಮೂರನೆಯ ವಾರ ಅದಕ್ಕೂ ಹೋದೆವು. “ಹತ್ತಿರದಿಂದ ನೋಡೋಣ, ಸೇತುವೆಗೆ ಜಾಗ ಇದೆಯೋ ಇಲ್ಲವೋ” ಅಂತ ಅಮ್ಮನೇ ಹೊರಡಿಸಿದ್ದು.

ತಂದ ಪಿಸ್ತಾವನ್ನು ಗಾಳಿಯಾಡದ ಡಬ್ಬಿಯಲ್ಲಿಡಿ, ಇಲ್ಲದಿದ್ದರೆ ಕಮಟು ವಾಸನೆ ಬರುತ್ತದೆ. ನಾವು ತಂದದ್ದು ದೀಪಾವಳಿಗೇ ಮುಗಿಯಿತು. ಅದರ ಚಿಪ್ಪನ್ನು ಮಾತ್ರ ಅಮ್ಮ ಎಸೆಯಲು ಬಿಟ್ಟಿಲ್ಲ. ಬಚ್ಚಲೊಲೆಗೆ ಚೆನ್ನಾಗಿ ಉರಿಯುತ್ತದಂತೆ, ಒಂದು ಹಳೆಯ ಬಿಸ್ಕತ್ತಿನ ಡಬ್ಬಿಯ ತುಂಬ ಕೂಡಿಟ್ಟಿದ್ದಾಳೆ.