ಆನೆ ಗೆದ್ದ ದಿನದ ಪೇಪರು



ನಮ್ಮ ಹಾಸ್ಟೆಲಿಗೆ ಬರೋದು ಒಂದೇ ಪೇಪರು. ಅದು ಮೊದಲು ವಾರ್ಡನ್ ಟೇಬಲ್ಲಿಗೆ ಹೋಗುತ್ತೆ, ಆಮೇಲೆ ಅಡಿಗೆಮನೆಗೆ, ನಮ್ಮ ಕೈಗೆ ಬರೋ ಹೊತ್ತಿಗೆ ಅದಕ್ಕೆ ಒಗ್ಗರಣೆ ವಾಸನೆ ಹತ್ತಿರುತ್ತೆ. ಬಂದ ಮೇಲೆ ನಾವು ನೋಡೋದಾದರೂ ಏನು? ಕ್ರಿಕೆಟ್ಟು, ಸಿನಿಮಾ, ಯಾವುದಾದರೂ ಹುದ್ದೆಗೆ ಅರ್ಜಿ ಕರೆದಿದ್ದಾರಾ ಅನ್ನೋದು. ಮಿಕ್ಕ ಸುದ್ದಿಯನ್ನು ನಾವು ಓದೋದಿಲ್ಲ, ಸುಮ್ಮನೆ ನಂಬುತ್ತೇವೆ. ಅದಕ್ಕೇ ನಾವು ನಾಲ್ಕು ಜನ ಸೇರಿಕೊಂಡು ಈ ರಜೆಯಲ್ಲಿ ಲೈಬ್ರರಿಗೆ ಹೋಗಿ ಹಳೇ ಪೇಪರಿನ ಫೈಲು ಬಿಚ್ಚಿಸಿದೆವು. ಕೇಳಿದ್ದು ಒಂದೇ ದಿನದ ಪೇಪರು: 2007ರ ಮೇ 12. ಹಿಂದಿನ ದಿನ, ಮೇ 11ಕ್ಕೆ, ಉತ್ತರ ಪ್ರದೇಶದ ವಿಧಾನಸಭೆಯ ಫಲಿತಾಂಶ ಬಂದಿತ್ತು. 403ರಲ್ಲಿ 206 ಸೀಟು ಗೆದ್ದು ಬಹುಜನ ಸಮಾಜ ಪಕ್ಷ ಯಾರ ಹಂಗೂ ಇಲ್ಲದೆ ಸರ್ಕಾರ ಮಾಡುವಷ್ಟು ಬಹುಮತ ಪಡೆದಿತ್ತು. 1991ರ ನಂತರ ಆ ರಾಜ್ಯದಲ್ಲಿ ಒಂದೇ ಪಕ್ಷಕ್ಕೆ ಅಂಥ ಬಹುಮತ ಸಿಕ್ಕಿರಲಿಲ್ಲ. ಸಮಾಜವಾದಿ ಪಕ್ಷಕ್ಕೆ 97, ಬಿಜೆಪಿಗೆ 51, ಕಾಂಗ್ರೆಸ್ಸಿಗೆ 22. ಮೇ 13ಕ್ಕೆ ಮಾಯಾವತಿ ನಾಲ್ಕನೇ ಸಲ ಮುಖ್ಯಮಂತ್ರಿಯಾಗಿ ಪ್ರಮಾಣವಚನ ತಗೊಂಡರು. ಆಗ ನಾವಿನ್ನೂ ಚಡ್ಡಿ ಹಾಕುತ್ತಿದ್ದ ಹುಡುಗರು. ಕೇರಿಯಲ್ಲಿ ಯಾರೋ ಪಟಾಕಿ ಹೊಡೆದದ್ದು ಮಾತ್ರ ನೆನಪು.

ಫೈಲು ತೆಗೆದರೆ ಒಂದು ಕನ್ನಡ ಪೇಪರಿನ ಮುಖಪುಟದಲ್ಲಿ ಚೌಕಾಕಾರದ ತೂತು. ಮಾಯಾವತಿಯ ಫೋಟೋವನ್ನು ಯಾರೋ ಬ್ಲೇಡಿನಲ್ಲಿ ನೀಟಾಗಿ ಕತ್ತರಿಸಿಕೊಂಡು ಹೋಗಿದ್ದರು. ಕದ್ದವನು ನಮ್ಮವನೇ ಇರಬೇಕು ಅಂತ ನಕ್ಕೆವು. ಆ ತೂತಿನ ಸುತ್ತ ಉಳಿದಿದ್ದ ಅಕ್ಷರಗಳನ್ನು ಓದುತ್ತಾ ಹೋದ ಹಾಗೆ ನಗು ನಿಂತಿತು.

ಮೊದಲು ಇಂಗ್ಲಿಷ್ ಪೇಪರುಗಳು. ನಮಗೆ ಇಂಗ್ಲಿಷು ಅಷ್ಟಕ್ಕಷ್ಟೇ, ಡಿಕ್ಷನರಿ ಇಟ್ಟುಕೊಂಡು ಓದಿದೆವು. ಆದರೆ ಒಂದು ಮಾತಿಗೆ ಡಿಕ್ಷನರಿ ಬೇಕಾಗಲಿಲ್ಲ, ಅದು ಎಲ್ಲಾ ಕಡೆ ಇತ್ತು: ಸೋಷಿಯಲ್ ಇಂಜಿನಿಯರಿಂಗ್. ಏನಿದು? ಮಾಯಾವತಿ 86 ಜನ ಬ್ರಾಹ್ಮಣರಿಗೆ ಟಿಕೆಟ್ ಕೊಟ್ಟರು, ಸತೀಶ್ ಚಂದ್ರ ಮಿಶ್ರಾ ಎಂಬ ವಕೀಲರು ಊರೂರಲ್ಲಿ ಬ್ರಾಹ್ಮಣ ಸಮ್ಮೇಳನ ಮಾಡಿದರು, ಬ್ರಾಹ್ಮಣರು ಬಂದರು, ಆನೆ ಗೆದ್ದಿತು. ಇಷ್ಟೇ ಕಥೆ. ಮಿಶ್ರಾ ಇಂಜಿನಿಯರು, ನಾವು ಇಟ್ಟಿಗೆ!

ನೋಡಿ, ಈ ಪೇಪರುಗಳ ವ್ಯಾಕರಣ ಹೇಗಿದೆ ಅಂದರೆ, ಬ್ರಾಹ್ಮಣ ಓಟು ಹಾಕಿದರೆ ಅದು ತೀರ್ಮಾನ. ಅವನು ಯೋಚಿಸಿದ, ಬೇಸತ್ತ, ಬದಲಾದ, ಅಳೆದೂ ಸುರಿದೂ ನಿರ್ಧರಿಸಿದ. ದಲಿತ ಓಟು ಹಾಕಿದರೆ ಅದು 'ಬ್ಯಾಂಕು'. ಅವನು ಯೋಚಿಸೋದಿಲ್ಲ, ಅವನ ಓಟು ಅಲ್ಲೇ ಠೇವಣಿ ಬಿದ್ದಿರುತ್ತೆ, ಯಾರು ಬೇಕಾದರೂ ಚೆಕ್ ಬರೆಯಬಹುದು. ಬೆಳಿಗ್ಗೆ ಐದಕ್ಕೇ ಎದ್ದು, ಠಾಕೂರನ ಮನೆ ಮುಂದೆಯೇ ನಡೆದುಹೋಗಿ ಕ್ಯೂ ನಿಲ್ಲುವ ಹೆಂಗಸು ಯೋಚನೆಯೇ ಇಲ್ಲದೆ ಹೋದಳೇ? ಬೂತಿಗೆ ಹೋಗೋದೇ ಬೇಡ, ನಿನ್ನ ಓಟು ಬಿದ್ದಾಗಿದೆ ಅಂತ ದಶಕಗಟ್ಟಲೆ ಹೇಳಿಸಿಕೊಂಡ ಜನ ಅವರು. ಆ ಚುನಾವಣೆ ಏಪ್ರಿಲ್ 7ರಿಂದ ಮೇ 8ರ ತನಕ ಏಳು ಹಂತದಲ್ಲಿ, ಕೇಂದ್ರದ ಪೊಲೀಸ್ ಪಡೆಯ ಕಾವಲಿನಲ್ಲಿ ನಡೆಯಿತು. ಈ ಕಾವಲಿನಿಂದ ಕೇರಿಯ ಜನ ಬೂತಿಗೆ ಬರಲು ಎಷ್ಟು ಧೈರ್ಯ ಬಂತು ಅನ್ನೋದೇ ದೊಡ್ಡ ಸುದ್ದಿ. ಅದು ಒಳಪುಟದಲ್ಲಿ ಇತ್ತು, ಇಲ್ಲ ಅನ್ನೋದಿಲ್ಲ. ಹಳ್ಳಿಗೆ ಹೋಗಿ ಬರೆದ ಒಬ್ಬಿಬ್ಬರು ವರದಿಗಾರರಿಗೆ ನಮ್ಮ ನಮಸ್ಕಾರ. ಆದರೆ ಮುಖಪುಟದ ಪಂಡಿತರಿಗೆ ಅದು ಕಾಣಿಸಲಿಲ್ಲ.

ಈಗ ಲೆಕ್ಕಕ್ಕೆ ಬನ್ನಿ. ದೆಹಲಿಯ ಸಿ.ಎಸ್.ಡಿ.ಎಸ್. ಸಂಸ್ಥೆ ಮತದಾನದ ನಂತರ ಸಮೀಕ್ಷೆ ಮಾಡಿತ್ತು. ಅದರ ಪ್ರಕಾರ ಬ್ರಾಹ್ಮಣರಲ್ಲಿ ಆನೆಗೆ ಓಟು ಹಾಕಿದವರು ಹೆಚ್ಚುಕಡಿಮೆ ಆರು ಜನರಲ್ಲಿ ಒಬ್ಬರು. ಬಿಜೆಪಿಗೆ ಹಾಕಿದವರು ಅದರ ಎರಡು ಪಟ್ಟಿಗೂ ಹೆಚ್ಚು. ಜಾಟವರಲ್ಲಿ ಆನೆಗೆ ಹಾಕಿದವರು ನೂರಕ್ಕೆ ಎಂಬತ್ತಕ್ಕೂ ಮೇಲೆ. ಆ ಆರರಲ್ಲಿ ಒಬ್ಬರೂ ಬೇಕಿತ್ತು, ಬಿಗಿ ಪೈಪೋಟಿಯ ಕ್ಷೇತ್ರದಲ್ಲಿ ಸಣ್ಣ ಓಟೂ ಸೀಟು ತಿರುಗಿಸುತ್ತೆ, ಅದನ್ನು ನಾವು ಅಲ್ಲಗಳೆಯೋದಿಲ್ಲ. ಆದರೆ ಎಂಬತ್ತು ಜನ ಹೊತ್ತ ಪಲ್ಲಕ್ಕಿಗೆ, ಕೊನೆಯ ತಿರುವಿನಲ್ಲಿ ಕೈ ಕೊಟ್ಟವನ ಹೆಸರಿಡೋದು ಯಾವ ನ್ಯಾಯ?

ಇನ್ನೊಂದು ಮಾತು ಎಲ್ಲ ಪೇಪರಲ್ಲೂ ಇತ್ತು: ಅಚ್ಚರಿ. ಎಲ್ಲಾ ಎಕ್ಸಿಟ್ ಪೋಲುಗಳೂ ಯಾರಿಗೂ ಬಹುಮತ ಇಲ್ಲ ಅಂದಿದ್ದವಲ್ಲ, ಅದಕ್ಕೆ. ಅಚ್ಚರಿ ಯಾರಿಗೆ ಸ್ವಾಮಿ? ಪಕ್ಷ ಹುಟ್ಟಿದ್ದು 1984ರ ಏಪ್ರಿಲ್ 14ಕ್ಕೆ. 1989ರಲ್ಲಿ 13 ಸೀಟು. 1993ರಲ್ಲಿ 67. 2002ರಲ್ಲಿ 98. 2007ರಲ್ಲಿ 206. ಮೆಟ್ಟಿಲು ಹತ್ತಿಕೊಂಡು ಬಂದವರನ್ನು ನೋಡಿ ಆಕಾಶದಿಂದ ಉದುರಿದರು ಅನ್ನೋರಿಗೆ ಮೆಟ್ಟಿಲ ಕಡೆ ಬೆನ್ನು ಇತ್ತು ಅಷ್ಟೇ. ಸೈಕಲ್ ತುಳಿದು ಸರ್ಕಾರಿ ನೌಕರರನ್ನು ಸಂಘಟಿಸಿದ ಕಾನ್ಶಿರಾಮ್ 2006ರ ಅಕ್ಟೋಬರ್ 9ಕ್ಕೆ ತೀರಿಕೊಂಡಿದ್ದರು. ಏಳು ತಿಂಗಳು ಮೊದಲು ಸತ್ತ ಮನುಷ್ಯನ ಬಗ್ಗೆ ಗೆಲುವಿನ ದಿನ ಎರಡು ಸಾಲು, ಮಿಶ್ರಾ ಅವರ ಬಗ್ಗೆ ಎರಡು ಕಾಲಂ.

ಹಿಂದಿ ಪೇಪರು ಓದಲು ನಮ್ಮಲ್ಲಿ ಬೀದರ್ ಕಡೆಯ ಗೆಳೆಯನೊಬ್ಬ ಇದ್ದಾನೆ, ಅವನೇ ಗತಿ. ಆತ ಓದಿ ಹೇಳಿದ್ದು: ಹಿಂದಿ ಪೇಪರಿನಲ್ಲಿ ಜಾತಿ ಲೆಕ್ಕ ಬಿಚ್ಚುಬಿಚ್ಚಾಗಿದೆ, ಇಂಗ್ಲಿಷಿನವರ ಹಾಗೆ ಶಾಸ್ತ್ರದ ಹೆಸರಿಟ್ಟು ಮುಚ್ಚಿಲ್ಲ. ಗೂಂಡಾಗಿರಿ ವಿರುದ್ಧ ಜನ ಓಟು ಹಾಕಿದರು ಅನ್ನೋದನ್ನೂ ಅವರೇ ಸರಿಯಾಗಿ ಬರೆದಿದ್ದರು. ಆದರೆ ಅಲ್ಲಿನ ದೊಡ್ಡ ಪತ್ರಿಕೆ ದೈನಿಕ್ ಜಾಗರಣ್ ಒಡೆತನದ ಕುಟುಂಬದ ಒಬ್ಬರು ಆ ಹೊತ್ತಿನಲ್ಲಿ ಸೋತ ಸಮಾಜವಾದಿ ಪಕ್ಷದ ರಾಜ್ಯಸಭಾ ಸದಸ್ಯರು ಅನ್ನೋದನ್ನು ತಿಳಿದುಕೊಂಡು ಓದಬೇಕು. ಪೇಪರು ಗಾಳಿಯಲ್ಲಿ ಹುಟ್ಟೋದಿಲ್ಲ, ಅದಕ್ಕೂ ಒಬ್ಬ ಯಜಮಾನ ಇರುತ್ತಾನೆ.

ಇನ್ನು ನಮ್ಮ ಕನ್ನಡ ಪೇಪರುಗಳು. ಪಾಪ, ಅವರಿಗೆ ಲಕ್ನೋ ದೂರ. ಏಜೆನ್ಸಿಯ ಇಂಗ್ಲಿಷ್ ಸುದ್ದಿಯನ್ನು ರಾತ್ರಿ ಕನ್ನಡಕ್ಕೆ ತಿರುಗಿಸಿದರೆ ಅದರ ಕಣ್ಣೂ ತಿರುಗಿ ಬರುತ್ತೆ ತಾನೇ? 'ದಲಿತ ಬ್ರಾಹ್ಮಣ ಸಮೀಕರಣ' ಅಂತ ಕನ್ನಡದಲ್ಲೂ ಬಂತು. ಸಮೀಕರಣ! ಹೈಸ್ಕೂಲಿನಲ್ಲಿ ನಮ್ಮನ್ನು ಫೇಲು ಮಾಡಿಸಿದ ಪದ. ಇವರಲ್ಲಿ ಒಬ್ಬರೂ ಕೋಲಾರಕ್ಕೋ ಚಾಮರಾಜನಗರಕ್ಕೋ ಹೋಗಿ, ಅಲ್ಲಿ ಆನೆ ಗೆದ್ದಿದ್ದಕ್ಕೆ ಇಲ್ಲಿ ಪಟಾಕಿ ಹೊಡೆದಿರಲ್ಲ, ಯಾಕೆ ಅಂತ ಕೇಳಿದ ವರದಿ ನಮ್ಮ ಕೈಗೆ ಸಿಕ್ಕ ಫೈಲಿನಲ್ಲಿ ಇರಲಿಲ್ಲ. 1973ರಲ್ಲಿ ಬಸವಲಿಂಗಪ್ಪನವರು ಆಡಿದ ಬೂಸಾ ಎಂಬ ಒಂದು ಮಾತಿಗೆ ಈ ನಾಡಿನ ಪೇಪರುಗಳಲ್ಲಿ ಎಷ್ಟು ಜಾಗ ಇತ್ತು! ಆ ಗಲಾಟೆಯಲ್ಲಿ ಏಟು ತಿಂದ ನಮ್ಮ ಅಣ್ಣಂದಿರನ್ನು ಕೇಳಿದರೆ ಹೇಳುತ್ತಾರೆ.

ಯಾಕೆ ಹೀಗೆ? 1996ರಲ್ಲಿ ಕಾನ್ಶಿರಾಮ್ ಒಬ್ಬ ಪತ್ರಕರ್ತನ ಮೇಲೆ ಕೈ ಮಾಡಿದರು ಅಂತ ದೆಹಲಿಯಲ್ಲಿ ದೊಡ್ಡ ಗದ್ದಲವಾಯಿತು. ಕೈ ಮಾಡಿದ್ದು ತಪ್ಪು, ಅದಿರಲಿ. ಆಗ ಒಬ್ಬ ವಿದೇಶಿ ಪತ್ರಕರ್ತ, ಈ ಬಗ್ಗೆ ಒಬ್ಬ ದಲಿತ ಪತ್ರಕರ್ತನ ಅಭಿಪ್ರಾಯ ಬೇಕು, ಯಾರನ್ನಾದರೂ ಹೇಳಿ ಅಂತ ಬಿ.ಎನ್. ಉನಿಯಾಲ್ ಎಂಬ ಹಿರಿಯ ಪತ್ರಕರ್ತರನ್ನು ಕೇಳಿದ. ಉನಿಯಾಲ್ ಹುಡುಕಿದರು. ಮೂವತ್ತು ವರ್ಷದ ವೃತ್ತಿಯಲ್ಲಿ ಒಬ್ಬ ದಲಿತ ಪತ್ರಕರ್ತನನ್ನೂ ತಾವು ಕಂಡಿಲ್ಲ ಅನ್ನೋದು ಆಗ ಅವರಿಗೆ ಹೊಳೆಯಿತು. ಸರ್ಕಾರಿ ಮಾನ್ಯತೆ ಪಡೆದ 686 ಪತ್ರಕರ್ತರ ಪಟ್ಟಿ ಹಿಡಿದು ನೋಡಿದರು, ಫೋನು ಮಾಡಿದರು, ಒಬ್ಬನೂ ಸಿಗಲಿಲ್ಲ. ಇದನ್ನು ಅವರು ಪಯೊನಿಯರ್ ಪತ್ರಿಕೆಯಲ್ಲಿ ಬರೆದರು. ಹತ್ತು ವರ್ಷ ಕಳೆದು, 2006ರಲ್ಲಿ ಸಿ.ಎಸ್.ಡಿ.ಎಸ್.ನ ಸಂಶೋಧಕರು ದೆಹಲಿಯ 37 ಮಾಧ್ಯಮ ಸಂಸ್ಥೆಗಳ 315 ಮೇಲಿನ ಕುರ್ಚಿಗಳನ್ನು ಎಣಿಸಿದರು. ದಲಿತರು, ಆದಿವಾಸಿಗಳು ಸೇರಿ ಸೊನ್ನೆ. ಮುಂದಿನ ವರ್ಷವೇ ಈ ಚುನಾವಣೆ. 2019ರಲ್ಲಿ ಮತ್ತೆ 121 ಕುರ್ಚಿ ಎಣಿಸಿದರು. ಮತ್ತೆ ಸೊನ್ನೆ. ನಮ್ಮಲ್ಲೇ ಪತ್ರಿಕೋದ್ಯಮ ಓದಿದ ಗೆಳೆಯನೊಬ್ಬ ಒಂದು ಪೇಪರಿನ ಇಂಟರ್‌ವ್ಯೂಗೆ ಹೋಗಿದ್ದ. ಊರು ಯಾವುದು ಅಂದರು, ಹೇಳಿದ. ಊರಲ್ಲಿ ಯಾವ ಕಡೆ ಅಂದರು. ಅದನ್ನೂ ಹೇಳಿದ. ಆಮೇಲೆ ಏನೂ ಕೇಳಲಿಲ್ಲವಂತೆ.

ಬಾಬಾಸಾಹೇಬರು 1920ರಲ್ಲಿ ಮೂಕನಾಯಕ ಶುರು ಮಾಡಿದಾಗ, ದುಡ್ಡು ಕೊಡುತ್ತೇವೆ ಜಾಹೀರಾತು ಹಾಕಿ ಅಂದರೂ ಕೇಸರಿ ಪತ್ರಿಕೆ ಹಾಕಲಿಲ್ಲ. ಆಮೇಲೂ ಅವರು ಬಹಿಷ್ಕೃತ ಭಾರತ, ಜನತಾ, ಪ್ರಬುದ್ಧ ಭಾರತ ಅಂತ ನಡೆಸುತ್ತಲೇ ಹೋದರು. ಹಾಗಾಗಿಯೇ ಈ ಮಸಿ ಅಂಟಿದ ಪುಟ ನಿಮ್ಮ ಕೈಯಲ್ಲಿದೆ.

ಇಷ್ಟು ಬೈದ ಮೇಲೆ ನಮ್ಮನ್ನೂ ಬೈದುಕೊಳ್ಳಬೇಕು. 2007ರ ನಮ್ಮ ಕಡೆಯ ಕರಪತ್ರಗಳನ್ನೂ ಹುಡುಕಿ ಓದಿದೆವು. ಬರೀ ಜೈಕಾರ. ಪ್ರಶ್ನೆ ಒಂದೂ ಇಲ್ಲ. ಆ ವರ್ಷದ ಮೇ ತಿಂಗಳಲ್ಲೇ, ಅಧಿಕಾರಕ್ಕೆ ಬಂದ ಹೊಸದರಲ್ಲೇ, ಆಮೇಲೆ ಮತ್ತೆ ಅಕ್ಟೋಬರಿನಲ್ಲಿ ಲಕ್ನೋದಿಂದ ಆದೇಶ ಹೊರಟಿತು. ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆಯನ್ನು ಕೊಲೆ, ಅತ್ಯಾಚಾರದಂಥ ಘೋರ ಪ್ರಕರಣಕ್ಕೆ ಮಾತ್ರ ಬಳಸಿ, ದುರುಪಯೋಗ ಆಗದಂತೆ ನೋಡಿ ಅಂತ ಪೊಲೀಸರಿಗೆ ಸೂಚನೆ. ಅಂದರೆ ಬಾವಿಗೆ ಬಿಡದಿದ್ದರೆ, ಜಾತಿ ಹಿಡಿದು ಬೈದರೆ, ಏನು ಗತಿ? ದೊಡ್ಡ ಪೇಪರಿನವರು ಆಗ ಆಕೆಯ ಬ್ಯಾಗು, ವಜ್ರ, ಹುಟ್ಟುಹಬ್ಬದ ಕೇಕು ಎಣಿಸುತ್ತಿದ್ದರು. ನಮ್ಮವರು ಹಾರ ಎಣಿಸುತ್ತಿದ್ದರು. ಆ ಆದೇಶ ದೊಡ್ಡ ಸುದ್ದಿಯಾದದ್ದು 2018ರಲ್ಲಿ, ಅದೇ ಕಾಯ್ದೆಯನ್ನು ಸುಪ್ರೀಂ ಕೋರ್ಟು ಸಡಿಲ ಮಾಡಿದಾಗ! ಹನ್ನೊಂದು ವರ್ಷ ನಾವೇನು ಮಾಡುತ್ತಿದ್ದೆವು? 2012ರಲ್ಲಿ 80, 2017ರಲ್ಲಿ 19, 2022ರಲ್ಲಿ ಒಂದೇ ಒಂದು ಸೀಟಿಗೆ ಪಕ್ಷ ಇಳಿಯಿತು. ಮೆಟ್ಟಿಲು ಹತ್ತಿದ್ದನ್ನು ಪೇಪರು ನೋಡಲಿಲ್ಲ, ಇಳಿದದ್ದನ್ನು ನಾವು ನೋಡಲಿಲ್ಲ.

ಮುಂದಿನ ಸಲ ಯಾವ ರಾಜ್ಯದಲ್ಲಿ ಯಾವ ಪಕ್ಷವಾದರೂ ಗೆಲ್ಲಲಿ, ಮಾರನೇ ದಿನದ ಪೇಪರು ಅಡಿಗೆಮನೆಗೆ ಹೋಗದಂತೆ ಕಾಪಾಡಿ. ಬಸ್‌ಸ್ಟ್ಯಾಂಡಿನಲ್ಲಿ ಇನ್ನೆರಡು ಪೇಪರು ಕೊಳ್ಳಿ, ರೂಮಿನವರು ದುಡ್ಡು ಹಾಕಿದರೆ ಒಂದು ಟೀ ಖರ್ಚು. ಪೆನ್ಸಿಲು ಹಿಡಿದು ಒಂದೊಂದು ವಾಕ್ಯದ ಕೆಳಗೂ ಗೀಟು ಹಾಕಿ: ಇಲ್ಲಿ ಯೋಚಿಸಿದವನು ಯಾರು, ಸುಮ್ಮನೆ ಎಣಿಕೆಗೆ ಸಿಕ್ಕವನು ಯಾರು? ಗೀಟು ಹಾಕಿದ ಪೇಪರನ್ನು ತಿಂಗಳ ಸಭೆಗೆ ತನ್ನಿ. ಲೈಬ್ರರಿಯ ಫೈಲಿನಿಂದ ಕತ್ತರಿಸಬೇಡಿ, ದಯವಿಟ್ಟು. ಆ ಫೋಟೋ ಒಯ್ದ ಅಣ್ಣ ಇದನ್ನು ಓದುತ್ತಿದ್ದರೆ, ಅದರ ಹಿಂದಿನ ಮಗ್ಗುಲಲ್ಲಿ ಎರಡನೇ ಪುಟದ ಸುದ್ದಿ ಅರ್ಧ ಹೋಗಿದೆ, ತಂದು ತೋರಿಸಲಿ, ಓದಿ ವಾಪಸ್ ಕೊಡುತ್ತೇವೆ.