ನಂಬಿಕೆಗೆ ಯೋಗ್ಯವಾದ ಪಿಸ್ತೂಲು ಯಾವುದು?

ಪ್ರಾಣಭಯ ಮನುಷ್ಯನಿಗೆ ಹೊಸತಲ್ಲ. ಭಯ ಹೆಚ್ಚಿದಲ್ಲಿ ಆಯುಧದ ಯೋಚನೆ ಬರುವುದೂ ಸಹಜವೇ. ಆದರೆ ಉಡುಪಿನೊಳಗೋ ಕೈಚೀಲದಲ್ಲೋ ಅಡಗಿಸಿಟ್ಟುಕೊಂಡು ದಿನನಿತ್ಯ ತಿರುಗಾಡಲು ನಂಬಿಕೆಗೆ ಯೋಗ್ಯವಾದ ಪಿಸ್ತೂಲು ಯಾವುದು ಎಂಬ ಪ್ರಶ್ನೆ ಅಮೆರಿಕದಲ್ಲಿ ಕೈಗಡಿಯಾರದ ಆಯ್ಕೆಯಷ್ಟೇ ಸಾಮಾನ್ಯವಾಗಿಬಿಟ್ಟಿದೆ. ಅಲ್ಲಿನ ಅರ್ಧಕ್ಕೂ ಹೆಚ್ಚು ರಾಜ್ಯಗಳಲ್ಲಿ ಹೀಗೆ ಒಯ್ಯಲು ಪರವಾನಿಗೆಯೇ ಬೇಕಾಗಿಲ್ಲ. ಮನೆಯ ಹೊರಗೂ ಪಿಸ್ತೂಲು ಒಯ್ಯುವುದು ನಾಗರಿಕನ ಹಕ್ಕೆಂದು ಆ ದೇಶದ ಸುಪ್ರೀಂ ಕೋರ್ಟು 2022ರಲ್ಲಿ ತೀರ್ಪಿತ್ತಿದೆ.

ಈ ಗಾಳಿ ನಮ್ಮ ದೇಶಕ್ಕೂ ಸ್ವಲ್ಪ ಬೀಸಿದೆ. 2012ರ ಡಿಸೆಂಬರ್ 16ರಂದು ದೆಹಲಿಯಲ್ಲಿ ನಡೆದ ಘೋರ ಕೃತ್ಯದ ಬಳಿಕ, 2014ರ ಆರಂಭದಲ್ಲಿ ಕಾನ್ಪುರದ ಸರಕಾರಿ ಕಾರ್ಖಾನೆ 'ನಿರ್ಭೀಕ್' ಎಂಬ ರಿವಾಲ್ವರನ್ನು ಮಹಿಳೆಯರಿಗೆಂದೇ ಮಾರಾಟಕ್ಕೆ ತಂದಿತು. .32 ಬೋರಿನದು, ತೂಕ ಸುಮಾರು ಅರ್ಧ ಕಿಲೋ, ಕೈಚೀಲದಲ್ಲಿ ಸುಲಭವಾಗಿ ಹಿಡಿಸುತ್ತದೆ. ಆಗಿನ ಬೆಲೆ ಒಂದು ಲಕ್ಷದ ಇಪ್ಪತ್ತೆರಡು ಸಾವಿರ ರೂಪಾಯಿಯ ಆಸುಪಾಸು. ದಿನವೂ ಬಸ್ಸಿನಲ್ಲಿ ಓಡಾಡುವ ಹೆಣ್ಣುಮಕ್ಕಳಲ್ಲಿ ಎಷ್ಟು ಮಂದಿ ಇದನ್ನು ಕೊಂಡಾರು ಎಂಬ ಪ್ರಶ್ನೆ ಹಾಗಿರಲಿ. ಕೊಂಡರೆ ಅದು ಅವರನ್ನು ಕಾಪಾಡೀತೇ ಎಂಬುದನ್ನು, ಹೆಣ್ಣುಮಕ್ಕಳಿಗೆ ಪಾಠ ಹೇಳುವ ನಾವು ವಿಚಾರಿಸಲೇಬೇಕಾಗಿದೆ.

ಮೊದಲು ಯಂತ್ರದ ಮಾತು. ರಿವಾಲ್ವರಿನಲ್ಲಿ ಗುಂಡುಗಳು ತಿರುಗುವ ಉರುಳೆಯೊಳಗೆ ಇರುತ್ತವೆ. ಒಂದು ಗುಂಡು ಹಾರದೆ ಹೋದರೆ ಮತ್ತೊಮ್ಮೆ ಟ್ರಿಗರ್ ಎಳೆದರಾಯಿತು, ಮುಂದಿನದು ಎದುರಿಗೆ ಬರುತ್ತದೆ. ಪಿಸ್ತೂಲಿನಲ್ಲಿ ಗುಂಡುಗಳು ಹಿಡಿಯೊಳಗಿನ ಪೆಟ್ಟಿಗೆಯಲ್ಲಿರುತ್ತವೆ. ಒಂದು ಹಾರಿದಾಗ ಅದರ ಒತ್ತಡದಿಂದಲೇ ಮೇಲ್ಭಾಗ ಹಿಂದೆ ಸರಿದು, ಖಾಲಿ ತೋಟೆ ಹೊರಗೆ ಬಿದ್ದು, ಮುಂದಿನದು ಒಳಗೆ ಸೇರುತ್ತದೆ. ಹೆಚ್ಚು ಗುಂಡು ಹಿಡಿಸುವುದು ಇದರ ಗುಣ. ಕೈಯ ಹಿಡಿತ ಸಡಿಲವಾದರೆ, ಕಸ ಸೇರಿದರೆ, ಗುಂಡು ಕಳಪೆಯಾದರೆ ನಡುವೆ ಸಿಕ್ಕಿಕೊಳ್ಳುವುದು ಇದರ ದೋಷ. ಬೆವರು, ತೇವಗಳು ಎರಡಕ್ಕೂ ಶತ್ರುಗಳೇ. ಆರು ತಿಂಗಳ ಮಳೆ ಕಾಣುವ ನಮ್ಮ ಕರಾವಳಿಯಲ್ಲಿ ಕಬ್ಬಿಣಕ್ಕೆ ತುಕ್ಕು ಹಿಡಿಯುವ ಪರಿಯನ್ನು ಯಾರಿಗೂ ಹೇಳಬೇಕಾಗಿಲ್ಲ.

ಇಷ್ಟು ತಿಳಿದು, ಒಳ್ಳೆಯ ಕಾರ್ಖಾನೆಯದನ್ನು ಆರಿಸಿ, ಎಣ್ಣೆ ಹಚ್ಚಿ ಇಟ್ಟುಕೊಂಡರೆ ಬೇಕೆಂದಾಗ ಅದು ಹಾರುತ್ತದೆ. ಆದರೆ ನಂಬಿಕೆಯ ಪರೀಕ್ಷೆ ಇಷ್ಟೇ ಅಲ್ಲ. ದಿನವೂ ಜತೆಯಲ್ಲಿರುವ ಪಿಸ್ತೂಲು ಜೀವಮಾನದಲ್ಲಿ ಒಮ್ಮೆ ಬೇಕಾದೀತು, ಬೇಕಾಗದೆಯೂ ಹೋದೀತು. ಉಳಿದ ಸಾವಿರಾರು ದಿವಸಗಳಲ್ಲಿ, ಅಡುಗೆಮನೆಯಲ್ಲಿ, ಅಂಗಡಿಯಲ್ಲಿ, ಮಕ್ಕಳ ನಡುವೆ ಅದು ಹಾರದೆ ಇರಬೇಕು. ಈ ಎರಡನೆಯ ಪರೀಕ್ಷೆಯೇ ನಿಜವಾಗಿ ಕಠಿಣವಾದದ್ದು.

ಇದಕ್ಕೆ ನಿದರ್ಶನಗಳು ಅಮೆರಿಕದಲ್ಲಿಯೇ ಇವೆ. 2017ರಲ್ಲಿ ಅಲ್ಲಿನ ಸೈನ್ಯ ಒಂದು ಪಿಸ್ತೂಲನ್ನು ಪರೀಕ್ಷಿಸಿ ಆರಿಸಿಕೊಂಡಿತು. ಅದೇ ವರ್ಷ, ಜನರಿಗೆ ಮಾರಾಟವಾದ ಅದೇ ಮಾದರಿಯ ಪಿಸ್ತೂಲುಗಳು ಕೆಲವು ಕೋನಗಳಲ್ಲಿ ಕೆಳಗೆ ಬಿದ್ದರೆ ತಾನಾಗಿ ಹಾರುವುದು ಕಂಡುಬಂದು, ತಯಾರಕರು ಒಳಗಿನ ಭಾಗಗಳನ್ನು ಬದಲಿಸಿಕೊಡಬೇಕಾಯಿತು. ಇದು ಯಂತ್ರದ ತಪ್ಪಾದರೆ ಯಂತ್ರದ ತಪ್ಪಿಲ್ಲದ ಪ್ರಕರಣ ಇನ್ನೂ ದಾರುಣ. 2014ರ ಡಿಸೆಂಬರ್ 30ರಂದು ಐಡಹೋ ರಾಜ್ಯದ ಹೇಡನ್ ಎಂಬ ಊರಿನ ಅಂಗಡಿಯಲ್ಲಿ ಎರಡು ವರ್ಷದ ಮಗು ತಾಯಿಯ ಕೈಚೀಲಕ್ಕೆ ಕೈಹಾಕಿತು. ಅದು ಪಿಸ್ತೂಲು ಇಡಲೆಂದೇ ಬೇರೆ ಜೇಬು ಮಾಡಿದ ಚೀಲ. ಆಕೆ ಪರವಾನಿಗೆ ಪಡೆದವಳು, ಬಂದೂಕು ಬಲ್ಲವಳು. ಗುಂಡು ಹಾರಿತು, ತಾಯಿ ಅಲ್ಲಿಯೇ ಸತ್ತಳು. ಆ ಪಿಸ್ತೂಲು ತಯಾರಕರು ಹೇಳಿದಂತೆಯೇ ಕೆಲಸಮಾಡಿತು. ಅದನ್ನು ನಂಬಿಕೆಗೆ ಯೋಗ್ಯವೆನ್ನೋಣವೇ?

ಇನ್ನು ಕೈಯ ಮಾತು. 'ಯುದ್ಧಕಾಲೇ ಶಸ್ತ್ರಾಭ್ಯಾಸ' ಎಂಬ ಮಾತನ್ನು ನಾವೆಲ್ಲ ಬಲ್ಲೆವು. ತರಬೇತಿ ಹೊಂದಿದ ನ್ಯೂಯಾರ್ಕ್ ನಗರದ ಪೋಲೀಸರ ಲೆಕ್ಕವನ್ನೇ ನೋಡೋಣ. 1998ರಿಂದ 2006ರವರೆಗೆ, ಎದುರಾಳಿಯೂ ಗುಂಡು ಹಾರಿಸಿದ ಕಾಳಗಗಳಲ್ಲಿ ಅವರ ನೂರು ಗುಂಡುಗಳಲ್ಲಿ ಸರಾಸರಿ 18 ಮಾತ್ರ ಗುರಿ ಮುಟ್ಟಿದವು. ಉಳಿದ 82 ಎಲ್ಲಿಗೆ ಹೋದವು? ವೃತ್ತಿಯವರ ಪಾಡೇ ಹೀಗಿರುವಲ್ಲಿ, ಕತ್ತಲ ಹಾದಿಯಲ್ಲಿ ಬೆಚ್ಚಿಬಿದ್ದ ಹುಡುಗಿಯೊಬ್ಬಳು ಚೀಲದ ಜಿಪ್ಪು ಎಳೆದು, ರಿವಾಲ್ವರು ಹುಡುಕಿ, ಗುರಿಯಿಟ್ಟು ಹೊಡೆಯುವಳೆಂದು ನಂಬುವುದು ಸಿನೆಮಾದ ಮಾತಾದೀತು. ಅಷ್ಟರಲ್ಲಿ ಆಯುಧ ಎದುರಾಳಿಯ ಕೈ ಸೇರುವ ಸಂಭವವನ್ನೂ ಮರೆಯಲಾಗದು.

ಇನ್ನೊಂದು ಅಪಾಯವನ್ನು ಬಾಯಿಬಿಟ್ಟು ಹೇಳುವವರು ಕಡಮೆ. 2021ರಲ್ಲಿ ಅಮೆರಿಕದಲ್ಲಿ ಗುಂಡೇಟಿನಿಂದ ಸತ್ತವರು 48,830 ಮಂದಿ. ಅವರಲ್ಲಿ 26,328 ಮಂದಿಯದು ಆತ್ಮಹತ್ಯೆ. ಕ್ಯಾಲಿಫೋರ್ನಿಯದ ಜನರನ್ನು ಕುರಿತು 2020ರಲ್ಲಿ ಪ್ರಕಟವಾದ ಅಧ್ಯಯನದಂತೆ, ಪಿಸ್ತೂಲು ಇಲ್ಲದವರಿಗಿಂತ ಇರುವವರು ತಾವೇ ಗುಂಡು ಹಾರಿಸಿಕೊಂಡು ಸಾಯುವ ಸಂಭವ ಗಂಡಸರಲ್ಲಿ ಸುಮಾರು 8 ಪಟ್ಟು, ಹೆಂಗಸರಲ್ಲಿ 35 ಪಟ್ಟು ಹೆಚ್ಚು. ಕಳ್ಳನಿಗೆಂದು ತಂದದ್ದು ಮನೆಯವರದೇ ದುಃಖದ ಗಳಿಗೆಗೆ ಒದಗಿತೆಂದಾಯಿತು.

ಅಷ್ಟಕ್ಕೂ ಹೆಣ್ಣುಮಕ್ಕಳ ಶತ್ರು ಎಲ್ಲಿದ್ದಾನೆ? ನಮ್ಮ ದೇಶದ ಅಪರಾಧ ದಾಖಲೆಗಳಂತೆ, ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಅತ್ಯಾಚಾರ ಪ್ರಕರಣಗಳಲ್ಲಿ ಆರೋಪಿಯು ಆಕೆಗೆ ಪರಿಚಿತನೇ: ನೆಂಟ, ನೆರೆಯವ, ಗೆಳೆಯ, ಯಜಮಾನ. ಇಂಥವನ ಮೇಲೆ ಚೀಲದ ರಿವಾಲ್ವರು ಹೊರಡದು. ಅಲ್ಲಿ ಬೇಕಾದದ್ದು ಹುಡುಗಿಯ ಮಾತನ್ನು ನಂಬುವ ತಾಯಿ, ಕೇಳುವ ಅಧ್ಯಾಪಕ, ದೂರು ಬರೆದುಕೊಳ್ಳುವ ಠಾಣೆ.

ಹಾಗೆಂದು ಆಯುಧವೇ ಯಾರಿಗೂ ಬೇಡವೆನ್ನುವವರು ನಾವಲ್ಲ. ಹಂದಿಯ ಕಾಟದಿಂದ ತೋಟ ಉಳಿಸಲು ಕೋವಿ ಇಟ್ಟುಕೊಂಡ ರೈತರು ನಮ್ಮ ಗಡಿನಾಡಿನಲ್ಲಿ ಇದ್ದಾರೆ. ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಿ ಬರುವ ಶಿಸ್ತೂ ಅವರಿಗೆ ಗೊತ್ತು. ಹಾಗೆಯೇ ನಿಜವಾದ ಬೆದರಿಕೆಯುಳ್ಳವರಿಗೆ 1959ರ ಆಯುಧ ಕಾಯಿದೆಯಲ್ಲಿ ದಾರಿ ಇದೆ. ಅಂಥವರು ಆರಿಸುವುದಾದರೆ ಸರಳವಾದ ರಿವಾಲ್ವರನ್ನು ಆರಿಸಲಿ, ಚೀಲದಲ್ಲಿಡದೆ ಟ್ರಿಗರ್ ಮುಚ್ಚುವ ಗಟ್ಟಿ ಒರೆಯಲ್ಲಿ ಮೈಗೆ ಕಟ್ಟಿಕೊಳ್ಳಲಿ, ಮನೆಗೆ ಬಂದೊಡನೆ ಗುಂಡು ತೆಗೆದು ಬೇರೆ ಬೇರೆ ಬೀಗದಲ್ಲಿಡಲಿ, ತಪ್ಪದೆ ಅಭ್ಯಾಸಮಾಡಲಿ. ಇಷ್ಟು ಆಗದವರು ಆ ಆಸೆ ಬಿಡುವುದೇ ಲೇಸು.

ಸರಕಾರಕ್ಕೆ ನಮ್ಮದೊಂದು ಬಿನ್ನಹ. 2016ರ ನಿಯಮಗಳು ಪರವಾನಿಗೆಗೆ ಮೊದಲು ಸುರಕ್ಷಾ ತರಬೇತಿ ಬೇಕೆನ್ನುತ್ತವೆ. ಅದು ಕಾಗದದ ಶಾಸ್ತ್ರವಾಗದಿರಲಿ. 2019ರ ತಿದ್ದುಪಡಿ ಒಬ್ಬನು ಇಟ್ಟುಕೊಳ್ಳಬಹುದಾದ ಆಯುಧಗಳನ್ನು ಮೂರರಿಂದ ಎರಡಕ್ಕೆ ಇಳಿಸಿದ್ದು ಒಳ್ಳೆಯದೇ, ಆದರೆ ಅದೇ ತಿದ್ದುಪಡಿ ಪರವಾನಿಗೆಯ ಅವಧಿಯನ್ನು ಮೂರು ವರ್ಷದಿಂದ ಐದಕ್ಕೆ ಏರಿಸಿತು. ಆದುದರಿಂದ ಪ್ರತಿ ನವೀಕರಣದ ವೇಳೆ ಕೋವಿಯ ಜತೆಗೆ ಕೈಯನ್ನೂ ಪರೀಕ್ಷಿಸುವಂತಾಗಲಿ. ಎಲ್ಲಕ್ಕಿಂತ ಮುಖ್ಯವಾಗಿ, ಹೆಣ್ಣುಮಕ್ಕಳ ರಕ್ಷಣೆಯ ಹೊಣೆಯನ್ನು ಅರ್ಧ ಕಿಲೋ ಲೋಹವಾಗಿ ಕರಗಿಸಿ ಅವರದೇ ಚೀಲಕ್ಕೆ ಹಾಕಿ ಕೈತೊಳೆದುಕೊಳ್ಳುವುದು ಬೇಡ. ದಾರಿಗೆ ದೀಪ, ಹೊತ್ತಿಗೆ ಸರಿಯಾದ ಕೊನೆಯ ಬಸ್ಸು, ಕರೆದೊಡನೆ ಬರುವ ಪೋಲೀಸು: ಇವು ತಾನಾಗಿ ಹಾರುವುದಿಲ್ಲ, ಮಗುವಿನ ಕೈಗೆ ಸಿಕ್ಕಿದರೂ ಕೊಲ್ಲುವುದಿಲ್ಲ. ದಿನನಿತ್ಯ ನಂಬಿ ನಡೆಯಬಹುದಾದವು ಇವೇ.