ರಾಷ್ಟ್ರಪತಿ ಎಲೆಕ್ಷನ್ನಿಗೂ ನಮ್ಮ ಗದ್ದೆಗೂ ಎಂತ ಸಂಬಂಧ?

"ಅದು ದಿಲ್ಲಿಯವ್ರ ಲೆಕ್ಕ, ನಮಗೆಂತಕೆ ಮಾರಾಯ್ರೆ" ಅನ್ನುವವರಿಗೇ ಇವತ್ತಿನ ಬರಹ. ಈಗೆಲ್ಲ ರಾಷ್ಟ್ರಪತಿ ಚುನಾವಣೆ ಬರುವುದೇ ಜುಲೈಯಲ್ಲಿ, ನಾವು ಕಾರ್ತಿ ನೆಟ್ಟಿಯ ಕೆಸರಲ್ಲಿರುವಾಗ. ಯಾರು ನಿಂತ್ರು, ಯಾರು ಗೆದ್ರು ಅಂತ ಕಾಣುವುದಕ್ಕೂ ಪುರಸೊತ್ತಿಲ್ಲ.

1969 ತಗೊಳ್ಳಿ. ಜಾಕಿರ್ ಹುಸೇನ್ ತೀರಿಕೊಂಡು ಕುರ್ಚಿ ಖಾಲಿ. ಜುಲೈಯಲ್ಲಿ ಬೆಂಗಳೂರಲ್ಲಿ ಕಾಂಗ್ರೆಸ್ ಸೇರಿತು. ಪಕ್ಷದ ಅಧ್ಯಕ್ಷರು ನಮ್ಮ ನಿಜಲಿಂಗಪ್ಪನವರು. ಅವರ ಕಡೆಯ ಹಿರಿತಲೆಗಳ ಗುಂಪಿಗೆ 'ಸಿಂಡಿಕೇಟ್' ಅಂತಲೇ ಹೆಸರು. ಅವರು ನೀಲಂ ಸಂಜೀವ ರೆಡ್ಡಿಯವರನ್ನು ಆರಿಸಿದರು. ರಾಷ್ಟ್ರಪತಿ ಆ ಗುಂಪಿನವರಾದರೆ ನಾಳೆ ತನ್ನ ಕುರ್ಚಿಯೇ ಅಲುಗಾಡುತ್ತದೆ ಅಂತ ಇಂದಿರಾ ಗಾಂಧಿಗೆ ಅಂದಾಜಾಯ್ತು. ಒಂದೇ ವಾರ. ಜುಲೈ 19ಕ್ಕೆ 14 ಬ್ಯಾಂಕ್ ರಾಷ್ಟ್ರೀಕರಣ. ಸುಗ್ರೀವಾಜ್ಞೆಗೆ ಸಹಿ ಹಾಕಿದ್ದು ಹಂಗಾಮಿ ರಾಷ್ಟ್ರಪತಿ ವಿ.ವಿ. ಗಿರಿ. ಮರುದಿನವೇ ಹುದ್ದೆ ಬಿಟ್ಟು ತಾವೇ ಚುನಾವಣೆಗೆ ಹೊರಟರು! ಆ 14ರಲ್ಲಿ ಎರಡು ನಮ್ಮ ಕರಾವಳಿಯವು: ಕೆನರಾ, ಸಿಂಡಿಕೇಟ್. 1928ರಿಂದ ಪಿಗ್ಮಿ ಅಂತ ಮನೆಮನೆಯ ಎರಡಾಣೆ ಒಟ್ಟು ಮಾಡಿ ಬೆಳೆದ ಬ್ಯಾಂಕದು. ಆ ಎರಡಾಣೆ ಕೊಟ್ಟವರನ್ನು ಯಾರಾದ್ರೂ ಕೇಳಿದ್ರಾ?

ರೆಡ್ಡಿಯವರ ನಾಮಪತ್ರಕ್ಕೆ ಸಹಿ ಹಾಕಿದ್ದ ಇಂದಿರಾ, ಕಡೆಗೆ 'ಆತ್ಮಸಾಕ್ಷಿಯಂತೆ ಮತ ಹಾಕಿ' ಅಂದರು. ನಿಜಲಿಂಗಪ್ಪನವರು ಎರಡನೇ ಪ್ರಾಶಸ್ತ್ಯದ ಮತ ಕೇಳಿ ಜನಸಂಘ, ಸ್ವತಂತ್ರ ಪಕ್ಷದ ಬಾಗಿಲಿಗೆ ಹೋದರು. ಯಾರೂ ಕಮ್ಮಿ ಇಲ್ಲ. ಗಿರಿ ಗೆದ್ದದ್ದು ಎರಡನೇ ಪ್ರಾಶಸ್ತ್ಯ ಎಣಿಸಿದ ಮೇಲೆಯೇ. ನವೆಂಬರಿಗೆ ಪಕ್ಷ ಎರಡು ಹೋಳು. 1971ಕ್ಕೆ ನಮ್ಮ ರಾಜ್ಯದ 27ಕ್ಕೆ 27 ಸೀಟು ಇಂದಿರಾ ಪಾಲು, 1972ಕ್ಕೆ ದೇವರಾಜ ಅರಸು, 1974ಕ್ಕೆ ಭೂಸುಧಾರಣೆ. ಬೈಂದೂರಿಂದ ಬ್ರಹ್ಮಾವರದವರೆಗೆ ಡಿಕ್ಲರೇಷನ್ ಗದ್ದೆ ಉಳುವವರು ಎಷ್ಟು ಜನ ಇದ್ದೀರಿ, ನೀವೇ ಕಾಣಿ.

ಗೇಣಿ ತಪ್ಪಿದ್ದು ಒಳ್ಳೆಯದೇ. ನನ್ನ ಸಿಟ್ಟು ಬೇರೆ. ಅವರು ಹತ್ತು ವರ್ಷ ಮುಂದಿನದು ಎಣಿಸುತ್ತಾರೆ, ನಾವು ಮುಂದಿನ ಮಳೆ ಮಾತ್ರ. 2020ರ ಸೆಪ್ಟೆಂಬರಿನಲ್ಲಿ ಮೂರು ಕೃಷಿ ಕಾಯ್ದೆಗಳಿಗೆ ಅಂಕಿತ ಬಿದ್ದದ್ದೂ ಅದೇ ಕುರ್ಚಿಯಿಂದ ಅಲ್ದಾ?

2022ರಲ್ಲಿ ನಮ್ಮ ಒಬ್ಬೊಬ್ಬ ಶಾಸಕರ ಮತಕ್ಕೆ 131 ಬೆಲೆ. ಅದು 1971ರ ಜನಗಣತಿ ಹಿಡಿದು, ಅಂದರೆ ನಮ್ಮ ತಲೆ ಎಣಿಸಿಯೇ ಬಂದ ಲೆಕ್ಕ. ಈ ಚುನಾವಣೆಗೆ ಪಕ್ಷ ವಿಪ್ ಕೊಡುವ ಹಾಗಿಲ್ಲ. ಹಾಗಾಗಿ 'ಮೇಲಿನವರು ಹೇಳಿದ್ರು' ಅನ್ನುವ ಉತ್ತರ ನಡೆಯುವುದಿಲ್ಲ. ಮುಂದಿನದು 2027ಕ್ಕೆ. ಶಾಸಕರು ನಿಮ್ಮ ಬೈಲಿಗೆ ಬಂದಾಗ ರಸ್ತೆ, ಕಿಂಡಿ ಅಣೆಕಟ್ಟು ಎಲ್ಲ ಕೇಳಿ. ಜೊತೆಗೆ ಇದನ್ನೂ ಕೇಳಿ: ನಮ್ಮ ಲೆಕ್ಕದ 131 ಯಾರಿಗೆ ಹಾಕ್ತ್ರಿ, ಎಂತಕೆ?